ಧ್ವನಿವರ್ಧಕಗಳಲ್ಲಿನ ಗುಂಜನ ಮತ್ತು ಅದರ ಮೂಲಶೋಧನೆ

ಈ ಲೇಖನದ ಶಿರೋನಾಮೆಯನ್ನು ಕಂಡ ವಾಚಕರು, ಭೌತಶಾಸ್ತ್ರ ವಿಭಾಗಕ್ಕೆ ಸಲ್ಲಬೇಕಾದ ಬರಹವೊಂದು ದಾರಿತಪ್ಪಿ ಇತಿಹಾಸ ವಿಭಾಗದ ವಾರ್ಷಿಕ ಸಂಚಿಕೆಗೆ ಬಂದಿದೆಯೆಂದು ಭಾವಿಸಬಹುದು. ಹಾಗೇನೂ ಆಗಿಲ್ಲ. ನಮ್ಮ ವಿಭಾಗದ ಕಪಾಟಿನಲ್ಲಿ ಸುಮಾರು 40 ಕ್ಯಾಸೆಟ್ಟುಗಳಿವೆ. 1986 ಮತ್ತು 1987ರಲ್ಲಿ ನಮ್ಮ ಹಿಂದಿನ ತಲೆಮಾರಿನ ಅಧ್ಯಾಪಕರೊಬ್ಬರು ಹಳ್ಳಿಹಳ್ಳಿಗೆ ನಡೆದು, 1942ರ ಚಳವಳಿಯಲ್ಲಿ ಪಾಲುಗೊಂಡಿದ್ದ ವೃದ್ಧರ ಮಾತುಗಳನ್ನು ಅವುಗಳಲ್ಲಿ ಹಿಡಿದಿಟ್ಟಿದ್ದಾರೆ. ಮಾತನಾಡಿದವರಲ್ಲಿ ಈಗ ಯಾರೂ ಉಳಿದಿಲ್ಲ. ಈ ಕ್ಯಾಸೆಟ್ಟುಗಳನ್ನು ಗಣಕಯಂತ್ರಕ್ಕೆ ಇಳಿಸಿ, ಲಿಪ್ಯಂತರಿಸುವ ಕೆಲಸ ನಮ್ಮ ಪಾಲಿಗೆ ಬಂದಿತು. ಆ ಕೆಲಸದಲ್ಲಿ ಒಂದು ಕ್ಷುಲ್ಲಕ ಸದ್ದಿನಿಂದ ನಾವು ಮಾಡಿಕೊಂಡ ಹಾನಿಯನ್ನೂ, ಅನಂತರ ಕಲಿತ ಪರೀಕ್ಷಾಕ್ರಮವನ್ನೂ ಇಲ್ಲಿ ನಿವೇದಿಸುತ್ತಿದ್ದೇವೆ. ಯಂತ್ರಗಳ ವಿಷಯದಲ್ಲಿ ಕಲಾವಿಭಾಗದವರು ಬಾಯಿ ಹಾಕಬಾರದೆಂಬ ನಿಯಮವೇನೂ ನಮ್ಮ ನಾಡಿನಲ್ಲಿಲ್ಲ. 1935ರಲ್ಲಿ ಮೈಸೂರಿನ ತಮ್ಮ ಮನೆಯಲ್ಲಿಯೇ ಬಾನುಲಿ ಕೇಂದ್ರವನ್ನು ತೆರೆದ ಎಂ. ವಿ. ಗೋಪಾಲಸ್ವಾಮಿಯವರು ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದರೇ ಹೊರತು ಎಂಜಿನಿಯರರಾಗಿರಲಿಲ್ಲ.

ಕಾಲೇಜಿನಲ್ಲಿ ನಿಶ್ಶಬ್ದವಾದ ಕೊಠಡಿಯಿಲ್ಲದ ಕಾರಣ ಕೆಲಸವನ್ನು ಮನೆಯ ನಡುಮನೆಯಲ್ಲಿಯೇ ನಡೆಸಿದೆವು. ಕ್ಯಾಸೆಟ್ ಡೆಕ್ಕಿನಿಂದ ಗಣಕಯಂತ್ರಕ್ಕೆ ಒಂದು ತಂತಿ, ಗಣಕಯಂತ್ರದಿಂದ ಆಂಪ್ಲಿಫೈಯರಿಗೆ ಇನ್ನೊಂದು, ಆಂಪ್ಲಿಫೈಯರಿನಿಂದ ಎರಡು ಧ್ವನಿವರ್ಧಕಗಳಿಗೆ ಮತ್ತೆರಡು. ಅದೇ ಆಂಪ್ಲಿಫೈಯರಿಗೆ ಮನೆಯ ಟೆಲಿವಿಷನ್ನಿನ ಸೆಟ್-ಟಾಪ್ ಪೆಟ್ಟಿಗೆಯೂ ಮೊದಲಿನಿಂದ ಜೋಡಣೆಯಾಗಿತ್ತು. ಮೊದಲನೆಯ ಕ್ಯಾಸೆಟ್ಟನ್ನು ಹಾಕಿದಾಗ ವೃದ್ಧರ ಮಾತಿನ ಹಿಂದೆ ಗುಂಯ್ ಎಂಬ ಎಡೆಬಿಡದ ಸದ್ದು ಕೇಳಿಸಿತು. ಕವಿಗಳು ದುಂಬಿಯ ವಿಷಯದಲ್ಲಿ ಪ್ರೀತಿಯಿಂದ ಬಳಸುವ ಗುಂಜನವೆಂಬ ಶಬ್ದವನ್ನೇ ಈ ಸದ್ದಿಗೂ ಕೊಡುವುದು ಅನ್ಯಾಯವಾದರೂ, ಬೇರೆ ಒಳ್ಳೆಯ ಶಬ್ದ ನಮಗೆ ದೊರೆತಿಲ್ಲ.

ಈ ಗುಂಜನದ ತವರು ನಮ್ಮ ಮನೆಯ ಗೋಡೆಯೊಳಗಿನ ವಿದ್ಯುತ್ತು. ಭಾರತದಲ್ಲಿ ಮನೆಗಳಿಗೆ ಬರುವ ಪರ್ಯಾಯ ವಿದ್ಯುತ್ತು ಸೆಕೆಂಡಿಗೆ 50 ಸಲ ಹಿಂದುಮುಂದಾಗಿ ಹರಿಯುತ್ತದೆ. ಅಮೆರಿಕದಲ್ಲಿ 60 ಸಲ. ಈ ಸಂಖ್ಯೆಯಲ್ಲಿ ಪ್ರಕೃತಿಸಿದ್ಧವಾದದ್ದೇನೂ ಇಲ್ಲ, ಅದು ಇತಿಹಾಸದ ಫಲ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ಹರಿದ ವಿದ್ಯುತ್ತು ಸೆಕೆಂಡಿಗೆ 25 ಆವರ್ತಗಳದ್ದಾಗಿತ್ತು. ಇಂದಿನ 50ರ ಆವೃತ್ತಿ ಧ್ವನಿವರ್ಧಕದಲ್ಲಿ ನುಸುಳಿದರೆ 50, 100, 150 ಎಂಬ ಕ್ರಮದಲ್ಲಿ ಅದರ ಗುಣಕಗಳೂ ಜೊತೆಗೂಡುತ್ತವೆ. 50ರ ಸ್ವರ ಅತಿ ಮಂದ್ರವಾದದ್ದು. ಸಣ್ಣ ಧ್ವನಿವರ್ಧಕಗಳು ಅದನ್ನು ನುಡಿಯಲಾರವು, ನಮ್ಮ ಕಿವಿಯೂ ಅದಕ್ಕೆ ಅಷ್ಟು ಚುರುಕಲ್ಲ. ನಾವು ಸಾಮಾನ್ಯವಾಗಿ ಕೇಳುವುದು 100ರ ಸ್ವರವನ್ನು. ಸಂಗೀತ ಬಲ್ಲ ವಾಚಕರಿಗೆ ಹೀಗೆ ಹೇಳಬಹುದು: ಒಂದನೆಯ ಮನೆಯ ಶ್ರುತಿಗೆ ಕೂಡಿಸಿದ ಗಂಡುತಂಬೂರಿಯ ಪಂಚಮದ ತಂತಿ ಸೆಕೆಂಡಿಗೆ ಸುಮಾರು 98 ಸಲ ಕಂಪಿಸುತ್ತದೆ. ಗುಂಜನವು ಅದಕ್ಕಿಂತ ಕಿಂಚಿತ್ ಮೇಲಿರುವ, ಎಂದಿಗೂ ಶ್ರುತಿಗೂಡದ, ಎಂದಿಗೂ ನಿಲ್ಲದ ಪಂಚಮ.

ಮೊದಲು ನಾವು ಮಾಡಿದ ತಪ್ಪನ್ನು ಹೇಳಬೇಕು. ಗುಂಜನ ಕ್ಯಾಸೆಟ್ಟಿನಲ್ಲಿಯೇ ಅಚ್ಚಾಗಿದೆಯೆಂದು ಊಹಿಸಿದೆವು. ಹಳೆಯ ಕಾಲದ ಯಂತ್ರ, ಹಳ್ಳಿಯ ವಿದ್ಯುತ್ತು, ಹೀಗಿರಲು ಅದು ಸಹಜವೇ ಎಂದುಕೊಂಡೆವು. ಗಣಕಯಂತ್ರದಲ್ಲಿ ಆಯ್ದ ಆವೃತ್ತಿಗಳನ್ನು ಸೋಸಿ ತೆಗೆಯುವ ತಂತ್ರಾಂಶವುಂಟು. ಅದರಿಂದ 50 ಮತ್ತು 100ನ್ನು ಸೋಸಿದೆವು. ಕೇಳಿದರೆ ಗುಂಜನ ಹಾಗೆಯೇ ಇತ್ತು. 150ನ್ನೂ 200ನ್ನೂ ಸೋಸಿದೆವು. ಇನ್ನೂ ಇತ್ತು. ಕೊನೆಗೆ 300ರ ಕೆಳಗಿನ ಎಲ್ಲವನ್ನೂ ಕತ್ತರಿಸಿ, ಸೋಸಿದ ಪ್ರತಿಯನ್ನೇ ಮೂಲದ ಹೆಸರಿನಲ್ಲಿ ಉಳಿಸಿದೆವು, ಮೂಲಪ್ರತಿ ಅಳಿಸಿಹೋಯಿತು. ಗಂಡಸರ ಮಾತಿನ ಮೂಲಸ್ವರ ಸಾಮಾನ್ಯವಾಗಿ 85ರಿಂದ 180ರ ನಡುವೆ ಇರುತ್ತದೆಂಬುದು ಆಗ ನಮ್ಮ ಗಮನಕ್ಕೆ ಬರಲಿಲ್ಲ. ಹೀಗೆ 12 ಕ್ಯಾಸೆಟ್ಟುಗಳನ್ನು ಮುಗಿಸಿದ ಮೇಲೆ, ಸಹಾಯಕ್ಕೆ ಬಂದಿದ್ದ ಎಂ.ಎ. ವಿದ್ಯಾರ್ಥಿನಿಯೊಬ್ಬರು ಕಾಫಿಯ ವೇಳೆಗೆ ಗುಂಡಿಯನ್ನೊತ್ತಿ ಧ್ವನಿಯನ್ನು ನಿಲ್ಲಿಸಿದರು. ಮಾತು ನಿಂತಿತು, ಗುಂಜನ ನಿಲ್ಲಲಿಲ್ಲ. “ಸರ್, ಇದು ಅಜ್ಜನದ್ದಲ್ಲ, ನಮ್ಮದು” ಎಂದರು. ಮುದ್ರಿತ ಪಾಠದ ದೋಷವನ್ನು ಮೂಲಗ್ರಂಥಕರ್ತನ ಮೇಲೆ ಹೊರಿಸಬಾರದೆಂದು ತರಗತಿಯಲ್ಲಿ ಪ್ರತಿವರ್ಷ ಬೋಧಿಸುವ ನಾವು ಆ ಸಂಜೆ ಹೆಚ್ಚು ಮಾತನಾಡಲಿಲ್ಲ.

ಆದುದರಿಂದ ಮೊದಲ ಪರೀಕ್ಷೆ ಇದೇ ಆಗತಕ್ಕದ್ದು: ಧ್ವನಿಯ ಮಟ್ಟವನ್ನು ಕದಲಿಸದೆ, ನುಡಿಸುತ್ತಿರುವುದನ್ನು ನಿಲ್ಲಿಸಿ ಕೇಳಬೇಕು. ಗುಂಜನ ಕೂಡಲೆ ನಿಂತರೆ ಅದು ಬಹುಮಟ್ಟಿಗೆ ಧ್ವನಿಮುದ್ರಣದೊಳಗಿನದು. ಮುಂದುವರಿದರೆ ಯಂತ್ರಗಳದ್ದು. ಯಂತ್ರಗಳದ್ದೆಂದು ಖಚಿತವಾದ ಮೇಲೆ ಆಂಪ್ಲಿಫೈಯರಿನ ಧ್ವನಿನಿಯಂತ್ರಕ ಗುಂಡಿಯನ್ನು ಮೆಲ್ಲಗೆ ತಿರುಗಿಸಬೇಕು. ಗುಂಡಿಯೊಡನೆ ಗುಂಜನವೂ ಏರಿಳಿದರೆ ಅದು ಗುಂಡಿಗಿಂತ ಮುಂಚಿನ ಯಾವುದೋ ಘಟ್ಟದಲ್ಲಿ, ಅಂದರೆ ಒಳಬರುವ ತಂತಿಗಳಲ್ಲಿ ಅಥವಾ ಅವುಗಳ ಆಚೆಗಿನ ಯಂತ್ರಗಳಲ್ಲಿ ಹುಟ್ಟಿದೆ. ಗುಂಡಿಯನ್ನು ಪೂರ್ತಿ ತಗ್ಗಿಸಿದರೂ ಗುಂಜನ ಇದ್ದಷ್ಟೇ ಇದ್ದರೆ ಆಂಪ್ಲಿಫೈಯರಿನ ಹೊಟ್ಟೆಯಲ್ಲಿಯೇ ಬೇನೆಯಿದೆ. ಗುಂಡಿಯೊಂದು ಇಡೀ ವ್ಯವಸ್ಥೆಯನ್ನು ಎರಡಾಗಿ ಸೀಳಿ, ಅರ್ಧವನ್ನು ಸಂಶಯದಿಂದ ಮುಕ್ತಗೊಳಿಸುತ್ತದೆ. ಇಷ್ಟು ಅಗ್ಗದ ಪರೀಕ್ಷೆಯನ್ನು ಬಿಟ್ಟು ಜನರು ಹೊಸ ತಂತಿಗಳಿಗೆ ಹಣ ಸುರಿಯುವುದನ್ನು ನಾವು ಕಂಡಿದ್ದೇವೆ.

ಒಂದು ಎಚ್ಚರಿಕೆ. ಸದ್ದು ಧ್ವನಿವರ್ಧಕದಿಂದಲೇ ಬರುತ್ತಿದೆಯೇ ಎಂದು ಕಿವಿಯಿಟ್ಟು ನೋಡಬೇಕು. ಹಲವು ಸಲ ಆಂಪ್ಲಿಫೈಯರಿನ ಪೆಟ್ಟಿಗೆಯೇ ಗುಂಯ್‌ಗುಡುತ್ತಿರುತ್ತದೆ. ಅದರೊಳಗಿನ ಟ್ರಾನ್ಸ್‌ಫಾರ್ಮರಿನ ಕಬ್ಬಿಣದ ತಗಡುಗಳು ಕಾಂತಕ್ಷೇತ್ರ ಏರಿಳಿಯುವಾಗ ಪ್ರತಿಯೊಂದು ಆವರ್ತದಲ್ಲಿ ಎರಡು ಸಲ ಅತಿಸೂಕ್ಷ್ಮವಾಗಿ ಹಿಗ್ಗಿ ಕುಗ್ಗುತ್ತವೆ. ಬೀದಿಯ ದೊಡ್ಡ ಟ್ರಾನ್ಸ್‌ಫಾರ್ಮರಿನ ಸದ್ದೂ ಇದೇ. ಇದಕ್ಕೆ ಪೆಟ್ಟಿಗೆಯ ಅಡಿಯಲ್ಲಿ ರಬ್ಬರಿನ ತುಂಡುಗಳನ್ನಿಟ್ಟರೆ, ಮರದ ಮೇಜು ಅದನ್ನು ಹಿಗ್ಗಿಸಿ ಹೇಳುವುದು ತಪ್ಪುತ್ತದೆ, ಹೆಚ್ಚಿನದೇನೂ ಬೇಕಿಲ್ಲ.

ಗುಂಡಿಗಿಂತ ಮುಂಚಿನ ಗುಂಜನವಾದರೆ, ಆಂಪ್ಲಿಫೈಯರನ್ನು ಆರಿಸಿ, ಒಳಬರುವ ತಂತಿಗಳನ್ನು ಒಂದೊಂದಾಗಿ ಕಳಚಿ, ಪ್ರತಿಸಲವೂ ಮತ್ತೆ ಹಚ್ಚಿ ಕೇಳಬೇಕು. ಎಲ್ಲವನ್ನೂ ಒಮ್ಮೆಗೇ ಕಳಚಿದರೆ ಗುಂಜನ ಹೋಗುತ್ತದೆ, ಜ್ಞಾನವೂ ಹೋಗುತ್ತದೆ. ಯಾವ ತಂತಿಯನ್ನು ಕಳಚಿದಾಗ ಸದ್ದು ನಿಂತಿತೋ ಆ ತಂತಿಯನ್ನೂ ಅದರ ಆಚೆಯ ಯಂತ್ರವನ್ನೂ ಪರೀಕ್ಷಿಸಬೇಕು. ಧ್ವನಿಯ ತಂತಿಯಲ್ಲಿ ಎರಡು ಭಾಗಗಳಿವೆ: ನಡುವೆ ಸಂಕೇತವನ್ನು ಹೊರುವ ಎಳೆ, ಅದರ ಸುತ್ತ ಕವಚದಂತೆ ಹೆಣೆದ ಲೋಹದ ಜಾಲರಿ. ಈ ಕವಚವು ಪ್ಲಗ್ಗಿನ ಬುಡದಲ್ಲಿ ಬೆಸುಗೆ ಬಿಟ್ಟಿದ್ದರೆ ನಡುವಿನ ಎಳೆ ಬರಿಮೈಯಾಗಿ, ಕೋಣೆಯಲ್ಲಿರುವ ವಿದ್ಯುತ್ ಕ್ಷೇತ್ರವನ್ನೆಲ್ಲ ಹೀರುತ್ತದೆ. ಆಗಿನ ಗುಂಜನ ಬಲು ಜೋರು; ಪ್ಲಗ್ಗನ್ನು ಬೆರಳಿನಿಂದ ಅಲುಗಿಸಿದರೆ ಬಂದುಹೋಗುತ್ತದೆ. ಹತ್ತರಲ್ಲಿ ಮೂರು ನಾಲ್ಕು ಮನೆಗಳ ತೊಂದರೆ ಇಷ್ಟೇ ಎಂಬುದು ನಮ್ಮ ಅಂದಾಜು. ಅಂದಾಜನ್ನು ಅಂದಾಜೆಂದೇ ತೆಗೆದುಕೊಳ್ಳಬೇಕು. ಹಳೆಯ ಗ್ರಾಮಫೋನ್ ತಟ್ಟೆಗಳನ್ನು ನುಡಿಸುವವರು, ಆ ಯಂತ್ರದಿಂದ ಹೊರಡುವ ಪ್ರತ್ಯೇಕವಾದ ತೆಳ್ಳನೆಯ ಭೂಸಂಪರ್ಕದ ತಂತಿ ಆಂಪ್ಲಿಫೈಯರಿನ ತಿರುಪಿಗೆ ಸೇರಿದೆಯೇ ಎಂದು ನೋಡತಕ್ಕದ್ದು. ಅಲ್ಲಿ ಸೂಜಿಯಿಂದ ಹೊರಡುವ ಸಂಕೇತವೇ ವೋಲ್ಟಿನ ಸಾವಿರದಲ್ಲಿ ಕೆಲವೇ ಭಾಗ. ಕಳ್ಳನಿಗೆ ದೊಡ್ಡ ಬಾಗಿಲು ಬೇಕಾಗುವುದಿಲ್ಲ.

ಇನ್ನು, ಎಲ್ಲಕ್ಕಿಂತ ಹೆಚ್ಚಾಗಿ ಬುದ್ಧಿಗೆ ಕೆಲಸ ಕೊಡುವ ಕಾರಣಕ್ಕೆ ಬರೋಣ. ತಂತಿಗಳೆಲ್ಲ ಸರಿಯಾಗಿವೆ, ಪ್ರತಿಯೊಂದು ಯಂತ್ರವೂ ಒಂಟಿಯಾಗಿ ನಿಶ್ಶಬ್ದವಾಗಿದೆ, ಆದರೆ ಎರಡನ್ನು ಜೋಡಿಸಿದೊಡನೆ ಗುಂಜನ ಹುಟ್ಟುತ್ತದೆ. ಇದನ್ನು ಭೂಸಂಪರ್ಕದ ಕುಣಿಕೆ ಎನ್ನಬಹುದು. ಗಣಕಯಂತ್ರದ ಮೂರು ಕಡ್ಡಿಯ ಪ್ಲಗ್ಗಿನಲ್ಲಿ ದಪ್ಪನೆಯ ಕಡ್ಡಿ ಗೋಡೆಯ ತಂತಿಯ ಮೂಲಕ ಭೂಮಿಗೆ ಸೇರುತ್ತದೆ. ಆಂಪ್ಲಿಫೈಯರಿನದೂ ಹಾಗೆಯೇ, ಆದರೆ ಬೇರೆ ಕೋಣೆಯ ಬೇರೆ ಸಾಕೆಟ್ಟಿನಿಂದ, ಬೇರೆ ಹಾದಿಯಲ್ಲಿ. ಇವೆರಡನ್ನೂ ಧ್ವನಿಯ ತಂತಿಯ ಕವಚ ಇನ್ನೊಮ್ಮೆ ಕೂಡಿಸುತ್ತದೆ. ಈಗ ಒಂದು ದೊಡ್ಡ ಉಂಗುರ ಸಿದ್ಧವಾಯಿತು. ಮನೆಯ ಫ್ರಿಜ್ಜು, ಪಂಪು, ವಿದ್ಯುದುಪಕರಣಗಳಿಂದ ಸೋರುವ ಅಲ್ಪ ಪ್ರವಾಹಗಳು ಭೂಸಂಪರ್ಕದ ತಂತಿಯಲ್ಲಿ ಸದಾ ಹರಿಯುತ್ತಿರುವುದರಿಂದ ಎರಡು ಸಾಕೆಟ್ಟುಗಳ “ಭೂಮಿ” ಒಂದೇ ಮಟ್ಟದಲ್ಲಿರುವುದಿಲ್ಲ. ಆ ವ್ಯತ್ಯಾಸವು ಉಂಗುರದಲ್ಲಿ ಪ್ರವಾಹವನ್ನು ಹರಿಸಿ, ಕವಚದ ಉದ್ದಕ್ಕೂ ಒಂದು ಸಣ್ಣ ವೋಲ್ಟೇಜನ್ನು ಹುಟ್ಟಿಸಿ, ಸಂಕೇತದೊಡನೆ ಬೆರೆಸುತ್ತದೆ. ಮನೆಯ ಯಂತ್ರಗಳ ನಡುವೆ ಹರಿಯುವ ಧ್ವನಿಸಂಕೇತ ಹೆಚ್ಚುಕಡಮೆ ವೋಲ್ಟಿನ ಮೂರನೆಯ ಒಂದು ಭಾಗ. ಸಾವಿರದ ಮೂರು ಭಾಗದಷ್ಟು ವೋಲ್ಟು ಬೆರೆತರೂ ಅದು ನೂರಕ್ಕೆ ಒಂದರಂತಾಯಿತು. ಮಾತಿನ ನಡುವಿನ ಮೌನಗಳಲ್ಲಿ ಅದು ಸ್ಪಷ್ಟವಾಗಿ ಕೇಳಿಸುತ್ತದೆ.

ಕುಣಿಕೆಯನ್ನು ಪತ್ತೆಹಚ್ಚುವ ಸುಲಭೋಪಾಯ, ಮಡಿಲಗಣಕವಾದರೆ ಅದರ ಚಾರ್ಜರನ್ನು ಗೋಡೆಯಿಂದ ಕಳಚಿ ಬ್ಯಾಟರಿಯ ಮೇಲೆಯೇ ನಡೆಸುವುದು. ಗುಂಜನ ತತ್ಕ್ಷಣ ನಿಂತರೆ ಉಂಗುರ ಚಾರ್ಜರಿನ ಮೂಲಕ ಹಾದಿತ್ತೆಂದು ತಿಳಿಯಬಹುದು. ಪರಿಹಾರವೂ ಕಷ್ಟವಲ್ಲ. ಎಲ್ಲ ಯಂತ್ರಗಳನ್ನೂ ಒಂದೇ ಗೋಡೆಯ ಸಾಕೆಟ್ಟಿನಿಂದ ಹೊರಟ ಒಂದೇ ಹಲಗೆಗೆ ಸೇರಿಸಿದರೆ ಉಂಗುರ ಬಹಳ ಚಿಕ್ಕದಾಗುತ್ತದೆ; ಅನೇಕ ಸಲ ಅಷ್ಟೇ ಸಾಕು. ಸಾಲದಿದ್ದರೆ, ಧ್ವನಿಯ ತಂತಿಯ ನಡುವೆ ಪುಟ್ಟ ಪ್ರತ್ಯೇಕಕ ಟ್ರಾನ್ಸ್‌ಫಾರ್ಮರನ್ನು ಇಡಬೇಕು. ಅದು ಧ್ವನಿಯನ್ನು ಕಾಂತಕ್ಷೇತ್ರದ ಮೂಲಕ ದಾಟಿಸಿ, ಲೋಹದ ಸಂಪರ್ಕವನ್ನು ಕಡಿಯುತ್ತದೆ.

ನಮ್ಮ ಮನೆಯಲ್ಲಿ ಇದಾವುದೂ ಮೊದಲು ಫಲಿಸಲಿಲ್ಲ. ಮಡಿಲಗಣಕ ಬ್ಯಾಟರಿಯಲ್ಲಿತ್ತು, ಡೆಕ್ಕಿಗೆ ಭೂಸಂಪರ್ಕವೇ ಇರಲಿಲ್ಲ, ಆದರೂ ಗುಂಜನವಿತ್ತು. ಎರಡು ಸಂಜೆಗಳನ್ನು ವ್ಯರ್ಥಮಾಡಿದ ಮೇಲೆ, ಯಾರೂ ನೋಡದಿದ್ದ ಟೆಲಿವಿಷನ್ನಿನ ಕೇಬಲ್ಲನ್ನು ಸೆಟ್-ಟಾಪ್ ಪೆಟ್ಟಿಗೆಯ ಬೆನ್ನಿನಿಂದ ಕಳಚಿದೆವು. ಕೋಣೆ ಸ್ತಬ್ಧವಾಯಿತು. ಆ ಕೇಬಲ್ಲು ನೆರೆಮನೆಗಳ ತಾರಸಿಗಳ ಮೇಲೆ ಹಾದು, ಬೀದಿಯ ಕೊನೆಯಲ್ಲೆಲ್ಲೋ ತನ್ನದೇ ಆದ ಭೂಮಿಯನ್ನು ಮುಟ್ಟುತ್ತಿತ್ತು. ಅಂದರೆ ನಮ್ಮ ಕುಣಿಕೆ ನಡುಮನೆಯಷ್ಟಲ್ಲ, ಬೀದಿಯಷ್ಟೇ ದೊಡ್ಡದಾಗಿತ್ತು. ಟೆಲಿವಿಷನ್ ಆರಿಸಿದ್ದರೂ ಪೆಟ್ಟಿಗೆಯ ಲೋಹದ ಮೈ ಆಂಪ್ಲಿಫೈಯರಿಗೆ ತಗುಲಿಕೊಂಡೇ ಇತ್ತಾದ್ದರಿಂದ, ಸ್ವಿಚ್ಚನ್ನು ಆರಿಸುವುದಕ್ಕೂ ಸಂಪರ್ಕವನ್ನು ಕಡಿಯುವುದಕ್ಕೂ ಇರುವ ಅಂತರ ನಮಗೆ ಮನವರಿಕೆಯಾಯಿತು. ಆಕಾಶಬುಟ್ಟಿಯ ಆಂಟೆನಾ ಉಳ್ಳವರೂ ಇದೇ ಪರೀಕ್ಷೆಯನ್ನು ಮಾಡಬಹುದು.

ಈ ಪ್ರಸಂಗದಲ್ಲಿ ಒಂದು ಮಾತನ್ನು ಕಟುವಾಗಿಯೇ ಹೇಳಬೇಕಾಗಿದೆ. ಕುಣಿಕೆಯನ್ನು ಮುರಿಯಲು ಆಂಪ್ಲಿಫೈಯರಿನ ಪ್ಲಗ್ಗಿನ ಭೂಸಂಪರ್ಕದ ಕಡ್ಡಿಯನ್ನು ಕಿತ್ತುಹಾಕಿ, ಇಲ್ಲವೆ ಎರಡು ಕಡ್ಡಿಯ ಅಡಾಪ್ಟರಿಗೆ ಸಿಕ್ಕಿಸಿ ಎಂದು ಸಲಹೆ ಕೊಡುವವರಿದ್ದಾರೆ. ಅಂಗಡಿಯೊಂದರಲ್ಲಿ ನಮಗೂ ಅದೇ ಸಲಹೆ ದೊರೆಯಿತು. ಗುಂಜನ ನಿಲ್ಲುವುದೂ ನಿಜ. ಆದರೆ ಆ ಕಡ್ಡಿ ಇರುವುದು, ಯಂತ್ರದೊಳಗೆ ವಿದ್ಯುತ್ತಿನ ತಂತಿ ಕಳಚಿ ಲೋಹದ ಹೊದಿಕೆಗೆ ತಗುಲಿದರೆ ಪ್ರವಾಹವನ್ನು ಭೂಮಿಗೆ ಸೆಳೆದು, ಫ್ಯೂಸು ಹಾರುವಂತೆ ಮಾಡುವುದಕ್ಕಾಗಿ. ಅದನ್ನು ಕಿತ್ತರೆ ಆ ಪ್ರವಾಹ ಮುಟ್ಟಿದವರ ದೇಹದ ಮೂಲಕ ಹರಿಯುತ್ತದೆ. ಇಲ್ಲವೆ ಧ್ವನಿಯ ತಂತಿಯ ಕವಚದ ಮೂಲಕ ಹರಿದು ಮತ್ತೊಂದು ಯಂತ್ರವನ್ನು ಸುಡುತ್ತದೆ. ಮೊದಲೇ ಎರಡು ಕಡ್ಡಿಯ ಪ್ಲಗ್ಗಿನೊಡನೆ ತಯಾರಾದ, ಇಮ್ಮಡಿ ನಿರೋಧದ ಯಂತ್ರಗಳ ಮಾತು ಬೇರೆ. ಅವುಗಳ ಪ್ಲಗ್ಗನ್ನು ತಿರುವಿಹಾಕಿದರೆ ಕೆಲವು ಸಲ ಗುಂಜನ ತಗ್ಗುವುದುಂಟು, ಅದರಿಂದ ಅಪಾಯವೂ ಇಲ್ಲ.

ಇದಕ್ಕೆ ವಿರುದ್ಧವಾದ ರೋಗವೂ ನಮ್ಮ ಹಳೆಯ ಕಟ್ಟಡಗಳಲ್ಲಿ ಸಾಮಾನ್ಯ: ಭೂಸಂಪರ್ಕ ಹೆಸರಿಗೆ ಮಾತ್ರ ಇರುವುದು. ಲೋಹದ ಮೈಯುಳ್ಳ ಗಣಕವನ್ನು ಮುಟ್ಟಿದಾಗ ಬೆರಳಿಗೆ ಜುಮ್ಮೆನ್ನುವ ಅನುಭವ ಅನೇಕ ವಾಚಕರಿಗೆ ಇದ್ದೀತು. ಚಾರ್ಜರಿನೊಳಗಿನ ಸೋಸುವ ಕೆಪಾಸಿಟರುಗಳಿಂದ ಸೋರಿದ ಅಲ್ಪ ಪ್ರವಾಹಕ್ಕೆ ಭೂಮಿಗೆ ಹೋಗಲು ದಾರಿಯಿಲ್ಲದಿದ್ದಾಗ ಹೀಗಾಗುತ್ತದೆ. ಅದೇ ಪ್ರವಾಹ ಧ್ವನಿಯ ತಂತಿಯನ್ನು ದಾರಿಯಾಗಿ ಹಿಡಿದರೆ ಗುಂಜನ. ಮುಂದೆ ವಿಭಾಗದಲ್ಲಿಯೇ ಆಲಿಕೆಯ ವ್ಯವಸ್ಥೆ ಮಾಡಿದಾಗ, ಮಳೆಗಾಲದಲ್ಲಿ ಸುಮ್ಮನಿದ್ದ ಧ್ವನಿವರ್ಧಕಗಳು ಮಾರ್ಚಿ ತಿಂಗಳಲ್ಲಿ ಗುಂಯ್‌ಗುಡತೊಡಗಿದವು. ಕಟ್ಟಡದ ಹಿಂದೆ ಇದ್ದಿಲು ಮತ್ತು ಉಪ್ಪನ್ನು ತುಂಬಿ ಹೂಳಿದ ಭೂಸಂಪರ್ಕದ ಗುಂಡಿ ಬಿಸಿಲಿಗೆ ಒಣಗಿಹೋಗಿತ್ತು. ಒಣಮಣ್ಣು ವಿದ್ಯುತ್ತನ್ನು ಸರಿಯಾಗಿ ಹೀರದು. ಹಿಂದಿನ ಕಾಲದ ಜವಾನರು ಬೇಸಗೆಯಲ್ಲಿ ಆ ಗುಂಡಿಗೆ ತಪ್ಪದೆ ನೀರು ಹೊಯ್ಯುತ್ತಿದ್ದರಂತೆ. ಅವರು ನಿವೃತ್ತರಾದ ಮೇಲೆ ಆ ಕೆಲಸ ಯಾವ ದಫ್ತರಿನಲ್ಲಿಯೂ ದಾಖಲಾಗದೆ ಬಿಟ್ಟುಹೋಯಿತು. ಎಂಟು ಕೊಡ ನೀರು ಹೊಯ್ಯಿಸಿದೆವು. ಮರುದಿನಕ್ಕೆ ಗುಂಜನ ಬಹುಮಟ್ಟಿಗೆ ಅಡಗಿತು. ಆಡಳಿತ ಕಚೇರಿಗೆ ಪತ್ರ ಬರೆದು ಗುಂಡಿಯನ್ನು ಪರೀಕ್ಷಿಸಿ ದುರಸ್ತಿ ಮಾಡಿಸಲು ತಗುಲಿದ್ದು ನಾಲ್ಕು ತಿಂಗಳು.

ಉಳಿದ ಕಾರಣಗಳನ್ನು ಬೇಗನೆ ಹೇಳಿ ಮುಗಿಸಬಹುದು. ಕ್ಯಾಸೆಟ್ ಡೆಕ್ಕನ್ನು ಆಂಪ್ಲಿಫೈಯರಿನ ತಲೆಯ ಮೇಲೆಯೇ ಕೂರಿಸಿದರೆ ಟ್ರಾನ್ಸ್‌ಫಾರ್ಮರಿನ ಕಾಂತಕ್ಷೇತ್ರ ಟೇಪನ್ನು ಓದುವ ಶಿರೋಭಾಗಕ್ಕೆ ನೇರವಾಗಿ ತಗಲುತ್ತದೆ. ದೂರದೊಡನೆ ಈ ಕ್ಷೇತ್ರ ಬಲು ಬೇಗ ಕುಂದುವುದರಿಂದ ಎರಡು ಅಡಿ ಆಚೆಗೆ ಸರಿಸಿದರೆ ಸಾಕು. ಗುಂಯ್ ಎಂಬುದಕ್ಕೆ ಬದಲಾಗಿ ಜರ್ರ್ ಎಂಬ ಕರ್ಕಶ ಸದ್ದಾದರೆ ಎಲೆಕ್ಟ್ರಾನಿಕ್ ಫ್ಯಾನ್ ನಿಯಂತ್ರಕವನ್ನೂ, ಬೆಳಕನ್ನು ಮಂಕುಮಾಡುವ ಸ್ವಿಚ್ಚನ್ನೂ ಶಂಕಿಸಿ, ಆರಿಸಿ ನೋಡಬೇಕು. ವಿದ್ಯುತ್ತು ಹೋಗಿ ಮನೆಯ ಇನ್ವರ್ಟರು ಕೆಲಸ ಆರಂಭಿಸಿದಾಗ ಮಾತ್ರ ಕೇಳುವ ಕರ್ಕಶತೆ, ಅಗ್ಗದ ಇನ್ವರ್ಟರಿನ ಚೌಕಾಕಾರದ ಅಲೆಯ ಫಲ. ಅದಕ್ಕೆ ಧ್ವನಿಯಂತ್ರವನ್ನು ದೂರುವುದು ಸಲ್ಲದು. ಆಗಾಗ ಟರ್-ಟರ್ ಎಂದು ಬಡಿದು ನಿಲ್ಲುವುದು ಪಕ್ಕದಲ್ಲಿಟ್ಟ ಮೊಬೈಲ್ ಫೋನಿನ ಕೆಲಸ.

ಧ್ವನಿನಿಯಂತ್ರಕ ಗುಂಡಿಗೆ ಜಗ್ಗದ, ವರ್ಷದಿಂದ ವರ್ಷಕ್ಕೆ ಬೆಳೆಯುತ್ತ ಬಂದ 100ರ ಗುಂಜನವಾದರೆ ಅದು ಆಂಪ್ಲಿಫೈಯರಿನ ವೃದ್ಧಾಪ್ಯ. ಪರ್ಯಾಯ ವಿದ್ಯುತ್ತನ್ನು ಏಕಮುಖಗೊಳಿಸಿದ ಮೇಲೆ ಅದರಲ್ಲಿ ಉಳಿಯುವ ತೆರೆಗಳನ್ನು ಸಮಗೊಳಿಸುವುದು ದೊಡ್ಡ ಕೆಪಾಸಿಟರುಗಳ ಕೆಲಸ; ಅವುಗಳೊಳಗಿನ ದ್ರವ ಕಾಲಕ್ರಮೇಣ ಒಣಗುತ್ತದೆ. ಬದಲಾಯಿಸಿದರೆ ಯಂತ್ರ ಮತ್ತೆ ಯುವಕನಂತಾಗುತ್ತದೆ. ಆದರೆ ಈ ಕೆಲಸ ಬಲ್ಲವರದ್ದು. ಕೆಪಾಸಿಟರುಗಳು ಪ್ಲಗ್ಗನ್ನು ಕಿತ್ತ ಮೇಲೂ ವಿದ್ಯುತ್ತನ್ನು ಹಿಡಿದಿಟ್ಟುಕೊಂಡಿರುತ್ತವೆ. ಅಜ್ಜನ ಕಾಲದ ವಾಲ್ವ್ ರೇಡಿಯೋಗಳಲ್ಲಿ ಇದು 250, 300 ವೋಲ್ಟುಗಳವರೆಗೂ ಇದ್ದು ಪ್ರಾಣಾಪಾಯವನ್ನುಂಟುಮಾಡಬಲ್ಲದು. ಅವುಗಳ ಬೆನ್ನಿನ ಹಲಗೆಯನ್ನು ವಿದ್ಯಾರ್ಥಿಗಳು ಕುತೂಹಲಕ್ಕಾಗಿ ಬಿಚ್ಚಬಾರದು.

ಇಷ್ಟೆಲ್ಲ ಪರಿಷ್ಕಾರವಾದ ಮೇಲೆ ಕ್ಯಾಸೆಟ್ಟುಗಳನ್ನು ಮತ್ತೆ ಮೊದಲಿನಿಂದ ಕೇಳಿದೆವು. ಬಹುಪಾಲು ಶುದ್ಧವಾಗಿದ್ದವು. ಕೆಲವದರಲ್ಲಿ ಮಾತ್ರ ಅತಿ ಮೆಲ್ಲನೆಯ ಗುಂಜನವೊಂದು ಉಳಿದಿತ್ತು. ಟೇಪನ್ನು ನಿಲ್ಲಿಸಿದರೆ ನಿಲ್ಲುತ್ತಿತ್ತು. ಇದು ನಿಜವಾಗಿಯೂ 1986ರದ್ದು. ಇದನ್ನು ಸೋಸಿ ತೆಗೆಯಲು ಈಗ ನಮಗೆ ಧೈರ್ಯವಾಗಲಿಲ್ಲ, ಅನಂತರ ತೆಗೆಯುವ ಮನಸ್ಸೂ ಆಗಲಿಲ್ಲ. ಒಂದು ಕ್ಯಾಸೆಟ್ಟಿನಲ್ಲಿ ಗುಂಜನ ಹನ್ನೆರಡನೆಯ ನಿಮಿಷದಲ್ಲಿ ಥಟ್ಟನೆ ನಿಲ್ಲುತ್ತದೆ, ಮಾತು ಮಾತ್ರ ಮುಂದುವರಿಯುತ್ತದೆ. ಎರಡು ವಾಕ್ಯಗಳಾದ ಮೇಲೆ ಹೆಂಗಸೊಬ್ಬಳ ಧ್ವನಿ ಲಾಟೀನು ತರಲೇ ಎಂದು ಕೇಳುತ್ತದೆ. ಅಂದರೆ ಆ ಮನೆಯಲ್ಲಿ ವಿದ್ಯುತ್ತಿತ್ತು, ಅದು ಆಗ ಹೋಯಿತು, ಹೊತ್ತು ಕತ್ತಲಾಗಿತ್ತು, ಯಂತ್ರ ಸೆಲ್ಲುಗಳ ಮೇಲೆ ನಡೆಯಿತು. ಅಧ್ಯಾಪಕರ ಟಿಪ್ಪಣಿ ಪುಸ್ತಕದಲ್ಲಿ ಇದಾವುದೂ ಇಲ್ಲ.

ಇನ್ನೊಂದರಲ್ಲಿ ಎಪ್ಪತ್ತು ದಾಟಿದ ವೃದ್ಧರ ಧ್ವನಿ ಹರೆಯದವನದಂತೆ ಎತ್ತರಿಸಿ ಕೇಳುತ್ತಿತ್ತು. ಅದರಲ್ಲಿನ ಗುಂಜನವನ್ನು ಅಳೆದಾಗ 50ಕ್ಕೆ ಬದಲು 53 ಬಂದಿತು. ಕ್ಯಾಸೆಟ್ಟು ಸೆಕೆಂಡಿಗೆ 4.76 ಸೆಂಟಿಮೀಟರ್ ವೇಗದಲ್ಲಿ ಓಡಬೇಕು. ಮುದ್ರಣದ ದಿನ ಯಂತ್ರ ನಿಧಾನವಾಗಿ ಓಡಿದ್ದರಿಂದ ಇಂದು ಸರಿವೇಗದಲ್ಲಿ ನುಡಿಸಿದಾಗ ಎಲ್ಲವೂ ಮೇಲೇರಿದೆ. ಗುಂಜನವನ್ನು 50ಕ್ಕೆ ಇಳಿಸಿದರೆ ಮಾತೂ ತನ್ನ ಸ್ಥಾನಕ್ಕೆ ಬರಬೇಕು. ಇಲ್ಲಿ ಅವಸರ ಸಲ್ಲದು. ವಿದ್ಯುಜ್ಜಾಲದ ಆವೃತ್ತಿ ಎಂದೂ ಸರಿಯಾಗಿ 50ರಲ್ಲಿ ನಿಂತಿರುವುದಿಲ್ಲ. ಬೇಡಿಕೆ ಏರಿದಾಗ ಇಳಿಯುತ್ತದೆ, ತಗ್ಗಿದಾಗ ಏರುತ್ತದೆ. ಈ ಏರಿಳಿತವನ್ನೇ ಬೆರಳಚ್ಚಿನಂತೆ ಬಳಸಿ, ಧ್ವನಿಮುದ್ರಣ ಎಂದಿನದು, ಅದನ್ನು ತಿದ್ದಲಾಗಿದೆಯೇ ಎಂದು ಪರೀಕ್ಷಿಸುವ ವಿಧಾನವನ್ನು ರುಮೇನಿಯದ ಕತಾಲಿನ್ ಗ್ರಿಗೊರಾಶ್ ಮೊದಲಾದವರು ಬೆಳೆಸಿದರು. ಲಂಡನ್ನಿನ ಮೆಟ್ರೊಪಾಲಿಟನ್ ಪೋಲೀಸರ ಪ್ರಯೋಗಶಾಲೆ ಇದಕ್ಕಾಗಿಯೇ 2005ರ ಸುಮಾರಿನಿಂದ ಅಲ್ಲಿನ ವಿದ್ಯುತ್ತಿನ ಆವೃತ್ತಿಯನ್ನು ಎಡೆಬಿಡದೆ ದಾಖಲಿಸುತ್ತ ಬಂದಿತು. ನಮ್ಮ 1986ರ ಕ್ಯಾಸೆಟ್ಟುಗಳಿಗೆ ಅಂಥ ಹೋಲಿಕೆಯ ಆಧಾರವಿಲ್ಲ. ಅಂದಿನ ದಕ್ಷಿಣ ಭಾರತದ ವಿದ್ಯುಜ್ಜಾಲ ದೇಶದ ಉಳಿದ ಜಾಲಗಳೊಡನೆ ಹೆಜ್ಜೆ ಕೂಡಿಸಿರಲಿಲ್ಲ. ರಾಯಚೂರು-ಸೋಲಾಪುರ ಮಾರ್ಗದ ಮೂಲಕ ಅದು ಕೂಡಿಕೊಂಡದ್ದು 2013ರ ಡಿಸೆಂಬರ್ 31ರಂದು. ವಿದ್ಯುತ್ತಿನ ಅಭಾವದ ಆ ವರ್ಷಗಳಲ್ಲಿ ಆವೃತ್ತಿ 49ಕ್ಕಿಂತ ಕೆಳಗಿಳಿಯುವುದು ಸಾಮಾನ್ಯವಾಗಿತ್ತು. ಆದುದರಿಂದ ಆ ಸಂಜೆಯ ನಿಜವಾದ ಆವೃತ್ತಿ 50 ಇದ್ದಿರಬಹುದು, 48.5 ಇದ್ದಿರಬಹುದು, ಎರಡರ ನಡುವೆ ಧ್ವನಿಯ ಎತ್ತರದಲ್ಲಿ ಶೇಕಡ ಮೂರರಷ್ಟು ಅಂತರ. ನಾವು ಎರಡು ಪ್ರತಿಗಳನ್ನೂ ಸಿದ್ಧಪಡಿಸಿ, ಎರಡನ್ನೂ ಇಟ್ಟಿದ್ದೇವೆ. ಯಾವುದು ನಿಜವಾದ ಧ್ವನಿ ಎಂದು ತೀರ್ಪು ಕೊಡುವ ಅಧಿಕಾರ ನಮಗಿದೆಯೆಂದು ಅನ್ನಿಸಲಿಲ್ಲ.

ಕೆಡಿಸಿದ 12ರಲ್ಲಿ 11 ಕ್ಯಾಸೆಟ್ಟುಗಳನ್ನು ಮತ್ತೆ ಇಳಿಸಿಕೊಂಡಿದ್ದೇವೆ. ಹನ್ನೆರಡನೆಯದರ ಟೇಪು ಮೊದಲ ಸಲ ನುಡಿಸಿದ ಕೊನೆಯಲ್ಲಿ, ಹಿಂದಕ್ಕೆ ಸುತ್ತುವಾಗ, ಡೆಕ್ಕಿನ ಉರುಳೆಗೆ ಸಿಕ್ಕಿ ನಜ್ಜುಗುಜ್ಜಾಯಿತು. ಅದರ ಮೊದಲ ಮಗ್ಗುಲಿಗೆ ನಾವು 300ರ ಕೆಳಗೆ ಕತ್ತರಿಸಿದ ಪ್ರತಿಯೊಂದೇ ಉಳಿದಿದೆ. ಮಾತುಗಳೆಲ್ಲ ತಿಳಿಯುತ್ತವೆ, ಲಿಪ್ಯಂತರಕ್ಕೆ ಕೊರತೆಯಿಲ್ಲ. ಕಳೆದ ವರ್ಷ ಆ ವೃದ್ಧರ ಮಗಳು, ಈಗ ತಾವೇ ವೃದ್ಧೆಯಾದವರು, ತಂದೆಯ ಧ್ವನಿಯನ್ನು ಕೇಳಬೇಕೆಂದು ವಿಭಾಗಕ್ಕೆ ಬಂದಿದ್ದರು. ಐದು ನಿಮಿಷ ಕೇಳಿ, ಮಾತು ಅಪ್ಪನದ್ದೇ, ದನಿ ಮಾತ್ರ ಅವರದ್ದಲ್ಲ, ಅವರದು ಎದೆಯಿಂದ ಬರುತ್ತಿದ್ದ ದನಿ ಎಂದರು. ಎರಡನೆಯ ಮಗ್ಗುಲನ್ನು ನಾವು ಆಗಿನ್ನೂ ಇಳಿಸಿರಲಿಲ್ಲ. ಸುಕ್ಕಾದ ಟೇಪನ್ನು ಬಿಡಿಸಿ, ಬೇರೆ ಕೋಶಕ್ಕೆ ವರ್ಗಾಯಿಸಿ, ಕೊನೆಯ ಭಾಗದಿಂದ ಆರು ನಿಮಿಷಗಳನ್ನು ಮಾತ್ರ ಪಡೆಯಲು ಸಾಧ್ಯವಾಯಿತು. ಅದರಲ್ಲಿ ಅವರು ಚಳವಳಿಯ ವಿಷಯ ಹೇಳುವುದಿಲ್ಲ. ತಮ್ಮ ಎತ್ತುಗಳ ವಿಷಯ ಹೇಳುತ್ತಾರೆ. ಹಿಂದೆ ಮೆಲ್ಲನೆಯ ಗುಂಜನವಿದೆ. ಅದರ ಒಂದು ಪ್ರತಿಯನ್ನು ಏನನ್ನೂ ಸೋಸದೆ ಅವರಿಗೆ ಕಳುಹಿಸಿಕೊಟ್ಟೆವು.